ಬರಾಸನ ಬಾಗಿಲು

ಬೆಳಿಗ್ಗೆ ಬರಾಸ ಕಣ್ಣು ಬಿಟ್ಟಾಗ ಮುಖದ ಮೇಲೆ ನೇರ ಬಿಸಿಲು. ಎದ್ದು ನೋಡಿದರೆ ಮನೆಗೆ ಬಾಗಿಲೇ ಇಲ್ಲ. ವಠಾರದ ಮಾಲೀಕ ಗಥೋಗೊ ಅದನ್ನು ಬೆನ್ನಿಗೇರಿಸಿಕೊಂಡು ಅಂಗಳ ದಾಟುತ್ತಿದ್ದರು.

"ಎರಡು ತಿಂಗಳ ಬಾಡಿಗೆ ಸಂಜೆಯೊಳಗೆ ಕೊಡು, ಬಾಗಿಲು ವಾಪಸ್ ಕೊಡ್ತೀನಿ. ಇಲ್ಲಾಂದ್ರೆ ನಾಳೆ ರೂಮು ಬೇರೆಯವರಿಗೆ!"

ನೈರೋಬಿಯ ವಠಾರಗಳಲ್ಲಿ ಇದೇನೂ ಹೊಸದಲ್ಲ. ಆದರೆ ಬರಾಸನ ಹೆಂಡತಿ ಹಸುಗೂಸನ್ನು ಎತ್ತಿಕೊಂಡು ತವರಿನಿಂದ ನಾಳೆಯೇ ಬರುವವಳಿದ್ದಳು. ರಸ್ತೆ ಅಗಲ ಮಾಡುವವರು ಅವನ ಕ್ಷೌರದ ಗೂಡಂಗಡಿ ಕಿತ್ತುಹಾಕಿದ ಮೇಲೆ ಕೈಯಲ್ಲಿ ಉಳಿದದ್ದು ಕತ್ತರಿ ಮಾತ್ರ.

ನೆರವಿನ ಹಣ ಕೇಳಲು ಸರ್ಕಾರಿ ಕಚೇರಿಗೆ ಓಡಿದ. ಅಲ್ಲಿಯವರು, "ಬಾಡಿಗೆ ಬಾಕಿ ಇದೆ ಅಂತ ಮಾಲೀಕರಿಂದ ಪತ್ರ ತಗೊಂಬನ್ನಿ" ಎಂದರು. ಮಾಲೀಕರು, "ಮೊದಲು ಬಾಕಿ ತೀರಿಸು, ಆಮೇಲೆ ಪತ್ರ" ಎಂದರು. ಇಗರ್ಜಿಯ ಹಿರಿಯರು ಬೆನ್ನು ಸವರಿದರು. "ಸತ್ತವರಿಗಾದ್ರೆ ನಿಧಿ ಇದೆ ತಮ್ಮಾ. ಬದುಕಿರೋರಿಗೆ ಬರೀ ಪ್ರಾರ್ಥನೆ."

ಮಧ್ಯಾಹ್ನ ವಾಪಸು ಬಂದರೆ ಹಾಸಿಗೆಯ ಮೇಲೆ ಯಾರದೋ ಕೋಳಿ. ಎದುರುಮನೆಯ ಮುಕಾಮಿಯಕ್ಕ ಹುರುಳಿಕಾಯಿ ಬಿಡಿಸುತ್ತಾ ಗದರಿದಳು.

"ಗರ ಬಡಿದೋನ ಹಾಗೆ ಯಾಕೋ ಕೂತಿದ್ದೀಯ? ಹರಾಂಬೆ ಮಾಡೋಣ!"

ಕಷ್ಟದಲ್ಲಿರುವವನಿಗೆ ನಾಲ್ಕು ಜನ ಸೇರಿ ದುಡ್ಡು ಎತ್ತಿ ಕೊಡುವುದೇ ಹರಾಂಬೆ. ಅದಕ್ಕೊಬ್ಬ ದೊಡ್ಡ ಮನುಷ್ಯ ಮುಖ್ಯ ಅತಿಥಿಯಾಗಬೇಕು. ಅವನು ಕೋಳಿಯನ್ನೋ ಬಾಳೆಗೊನೆಯನ್ನೋ ತರಬೇಕು, ಅದನ್ನು ಹರಾಜು ಹಾಕಬೇಕು.

"ನಮಗೆ ಗೊತ್ತಿರೋ ದೊಡ್ಡ ಮನುಷ್ಯ ಯಾರಕ್ಕಾ?"

"ಇನ್ಯಾರು? ಗಥೋಗೊ ಯಜಮಾನ್ರೇ!"

ಗಥೋಗೊ ಅವರನ್ನು ಹುಟ್ಟಿದಾಗಿನಿಂದ ಯಾರೂ ಮುಖ್ಯ ಅತಿಥಿ ಎಂದು ಕರೆದಿರಲಿಲ್ಲ. ಸಂಜೆ ಕೋಟು ತೊಟ್ಟು, ಟೈ ಕಟ್ಟಿ ಬಂದರು. ಹಿಂದೆ ಇಬ್ಬರು ಆಳುಗಳು ಬಾಗಿಲು ಹೊತ್ತು ತಂದರು.

"ಕೋಳಿ ಸಿಗಲಿಲ್ಲ" ಎಂದು ಗಂಭೀರವಾಗಿ ಹೇಳಿದರು. "ಹರಾಜಿಗೆ ಇದನ್ನೇ ಕೊಡ್ತಿದ್ದೀನಿ."

ವಠಾರವೆಲ್ಲ ಚಪ್ಪಾಳೆ ಹೊಡೆಯಿತು. ಸಾವಿರ, ಎರಡು ಸಾವಿರ ಎಂದು ಕೂಗು ಏರಿತು. ಕೊನೆಗೆ ಮುಕಾಮಿಯಕ್ಕ ಸೆರಗಿನಂತೆ ಹೊದ್ದ ಬಟ್ಟೆಯ ಗಂಟು ಬಿಚ್ಚಿದಳು.

"ನಾಲ್ಕು ಸಾವಿರ ಶಿಲ್ಲಿಂಗು!"

ಹರಾಜಿನಲ್ಲಿ ಗೆದ್ದವರು ವಸ್ತುವನ್ನು ಕಷ್ಟದಲ್ಲಿರುವವನಿಗೇ ಕೊಟ್ಟುಬಿಡುವುದು ಅಲ್ಲಿಯ ದೊಡ್ಡತನ. ಬರಾಸನ ಕಣ್ಣು ತುಂಬಿ ಬಂತು. ಉಳಿದವರ ಚಿಲ್ಲರೆಯೂ ಸೇರಿ ಬಾಡಿಗೆ ಸರಿಹೋಯಿತು. ಗಥೋಗೊ ಎಣಿಸಿ ಜೇಬಿಗಿಳಿಸಿ, "ಬಾಕಿ ಚುಕ್ತಾ!" ಎಂದು ಸಾರಿದರು. ಬರಾಸನ ಎದೆಯ ಮೇಲಿನ ಬಂಡೆ ಇಳಿಯಿತು. ನಾಳೆ ಮಗು ತನ್ನ ಮನೆಯಲ್ಲೇ ಮಲಗುತ್ತದೆ, ಅಷ್ಟು ಸಾಕು.

ಅಷ್ಟರಲ್ಲಿ ಮುಕಾಮಿಯಕ್ಕ ಬಾಗಿಲನ್ನು ತನ್ನ ಮನೆಯ ಕಡೆ ಎಳೆಯುತ್ತಿದ್ದಳು.

"ಅಕ್ಕಾ, ಅದು ನನ್ನ ಬಾಗಿಲು!"

"ದುಡ್ಡು ಕೊಟ್ಟು ತಗೊಂಡಿದ್ದು ಕಣೋ. ನನ್ನ ಬಾಗಿಲು ಗೆದ್ದಲು ತಿಂದು ಎರಡು ವರ್ಷ ಆಯ್ತು."

ಬರಾಸ ಮಾಲೀಕರತ್ತ ತಿರುಗಿದ. "ವಾಪಸ್ ಕೊಡ್ತೀನಿ ಅಂದಿದ್ರಲ್ಲ?"

"ನಿನ್ನ ಹರಾಂಬೆಗೇ ತಾನೆ ಕೊಟ್ಟಿದ್ದು?"

ಬರಾಸ ಬಾಗಿಲ ಚೌಕಟ್ಟಿಗೆ ಹಾಸಿಗೆಯ ದುಪ್ಪಟಿ ಕಟ್ಟಿದ. ಸಿಟ್ಟು ಬರಬೇಕಿತ್ತು, ನಗು ಬಂತು. ಗಥೋಗೊ ಹೊರಡುವಾಗ ಎಚ್ಚರಿಸಿದರು.

"ಮುಂದಿನ ತಿಂಗಳು ಒಂದನೇ ತಾರೀಕಿಗೇ ಬಾಡಿಗೆ ಬರಬೇಕು. ಇಲ್ಲಾಂದ್ರೆ..."

"ಇಲ್ಲಾಂದ್ರೆ ಇನ್ನೇನು ಬಿಚ್ತೀರಿ ಯಜಮಾನ್ರೇ? ಬಾಗಿಲಂತೂ ಇಲ್ಲ!"

ಗಥೋಗೊ ತಲೆ ಕೆರೆದುಕೊಂಡರು. ಆಮೇಲೆ ನಿಧಾನವಾಗಿ ಕತ್ತೆತ್ತಿ, ಮಾಡಿನ ತಗಡುಗಳನ್ನು ಒಂದೊಂದಾಗಿ ನೋಡತೊಡಗಿದರು.