ವಿಶಾಲಾಕ್ಷಮ್ಮನವರ ಬಗ್ಗಿದ ಮೂರ್ತಿ

ಕೈಗೆ ಮೈಕು ಸಿಕ್ಕಿದಾಗಲೂ ಬಾಯಿಯ ಮೇಲೆ ಹಿಡಿತ ಇಟ್ಟುಕೊಳ್ಳಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಗೋಣಿಬೀಡಿನ ಶಾಲೆಯ ವಿಜ್ಞಾನ ದಿನಾಚರಣೆಯಲ್ಲಿ ಎರಡು ಮಾತಾಡಲು ಎದ್ದ ನಾನು ಚಪ್ಪಾಳೆಗೆ ಮೈಮರೆತು, “ದಿವಂಗತ ವಿಶಾಲಾಕ್ಷಮ್ಮನವರ ಮೂರ್ತಿಯನ್ನು ಈ ಊರಲ್ಲಿ ನಿಲ್ಲಿಸುವ ತನಕ ವಿಶ್ರಮಿಸುವುದಿಲ್ಲ” ಎಂದುಬಿಟ್ಟೆ. ನಿವೃತ್ತ ಮೇಷ್ಟರಾದ ನನಗೆ ವಿಶ್ರಮಿಸುವುದೊಂದೇ ಕೆಲಸ ಎಂಬುದನ್ನು ಆಮೇಲೆ ಹೆಂಡತಿ ನೆನಪಿಸಿದಳು.

ವಿಶಾಲಾಕ್ಷಮ್ಮನವರು ಕಾಫಿ ಗಿಡದ ಕಾಂಡ ಕೊರೆದು ಕೊಲ್ಲುವ ಬೋರರ್ ಹುಳುವಿನ ಹಿಂದೆ ಆಯುಷ್ಯವಿಡೀ ಅಲೆದ ವಿಜ್ಞಾನಿ. ತೊಗಟೆಯನ್ನು ಯಾವಾಗ, ಹೇಗೆ ಉಜ್ಜಿದರೆ ಮೊಟ್ಟೆ ಉದುರುತ್ತದೆಂದು ತೋಟ ತೋಟ ತಿರುಗಿ ತೋರಿಸಿದವರು. ಕೀರ್ತಿ ಮಾತ್ರ ಮೇಲಧಿಕಾರಿಗೆ ಹೋಯಿತು. ನಮಗೆ ಸಿಕ್ಕಿದ ಒಂದೇ ಗ್ರೂಪ್ ಫೋಟೋದಲ್ಲೂ ಆ ಅಧಿಕಾರಿಯ ಹ್ಯಾಟಿನ ಹಿಂದೆ ಇವರ ಅರ್ಧ ಹಣೆ ಮಾತ್ರ ಕಾಣುತ್ತಿತ್ತು.

ಸಮಿತಿಯಾಯಿತು. ಎಸ್ಟೇಟ್ ಮಾಲೀಕ ರುದ್ರಪ್ಪನವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಶಿಲ್ಪಿ ಬಂದು “ಮೂಗು ಹೇಗಿತ್ತು?” ಎಂದು ಕೇಳಿದಾಗ ರುದ್ರಪ್ಪನವರು ಭಾವುಕರಾಗಿ ತಮ್ಮ ತಾಯಿಯ ಮೂಗನ್ನು ವರ್ಣಿಸಿದರು. ಆತ ಮಣ್ಣಿನಲ್ಲಿ ಮಾಡಿ ತಂದ ಮಾದರಿಯಲ್ಲಿ ಯಾವುದೋ ವೀರರಾಣಿ ಭೂತಗನ್ನಡಿಯನ್ನು ಕತ್ತಿಯ ಹಾಗೆ ಎತ್ತಿ ಹಿಡಿದಿದ್ದಳು. ಹೋಲಿಕೆ ಸರಿಯಿದೆಯೇ ಎಂದು ತಿಳಿಯಲು, ವಿಶಾಲಾಕ್ಷಮ್ಮನವರ ತಂಗಿಯ ಮಗಳು ಸಂಸೆ ಎಂಬ ಊರಿನಲ್ಲಿದ್ದಾಳೆಂದು ಕೇಳಿ, ಶಿಲ್ಪಿಯೂ ಸೇರಿ ಮೂವರೂ ಮಾದರಿ ಸಮೇತ ಜೀಪು ಹತ್ತಿದೆವು.

ಬಾಗಿಲು ತೆರೆದ ಸಣಕಲು ಅಜ್ಜಿಯೊಬ್ಬರು ಮಾದರಿಯನ್ನು ತಿರುತಿರುಗಿಸಿ ನೋಡಿದರು. “ಯಾರಿದು?”

“ದಿವಂಗತ ವಿಶಾಲಾಕ್ಷಮ್ಮನವರು” ಎಂದೆ.

“ಹೌದಾ? ನನಗೆ ಯಾರೂ ಹೇಳ್ಲೇ ಇಲ್ಲ. ನಾನೇ ವಿಶಾಲಾಕ್ಷಿ. ಒಳಗೆ ಬನ್ನಿ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರುದ್ರಪ್ಪನವರು ನನ್ನ ಕಿವಿಯಲ್ಲಿ, “ಬದುಕಿರೋರಿಗೆ ಮೂರ್ತಿ ಇಡೋ ಪದ್ಧತಿ ಇಲ್ಲವಲ್ಲ ಮೇಷ್ಟ್ರೆ. ಸ್ವಲ್ಪ ಕಾಯೋದಾ?” ಎಂದರು. ಅಜ್ಜಿಯ ಕಿವಿ ಚುರುಕು. “ಕಾಯಿರಿ. ಬರಿದೇ ಯಾಕೆ, ಕಾಫಿ ಕುಡೀತಾ ಕಾಯಿರಿ” ಎಂದರು.

ಲೋಟಗಳನ್ನು ಇಟ್ಟ ಮೇಲೆ ಅವರ ದನಿ ಇಳಿಯಿತು. “ಹೀಗೆ ಎದೆಯುಬ್ಬಿಸಿ ನಾನು ಯಾವತ್ತೂ ನಿಂತೋಳಲ್ಲ ಮಾರಾಯ್ರೆ. ನನ್ನ ಕೆಲಸ ಇದ್ದದ್ದೇ ಗಿಡದ ಬುಡದಲ್ಲಿ. ಇಡೋದಾದ್ರೆ ಬಗ್ಗಿದ ಹಾಗೇ ಇಡಿ. ಮುಖ ಕಾಣದಿದ್ರೂ ಅಡ್ಡಿಲ್ಲ, ಗಿಡ ಕಾಣ್ಲಿ.”

“ಬಗ್ಗಿದ್ರೆ ಹಾರ ಹಾಕೋದು ಹೇಗಮ್ಮ?” ರುದ್ರಪ್ಪನವರು ಕಂಗಾಲಾದರು.

“ಹಾಕ್ಬೇಡಿ” ಎಂದ ಅಜ್ಜಿ ಹಿತ್ತಲಿಗೆ ನಡೆದು ಒಂದು ಗಿಡದ ಬುಡಕ್ಕೆ ಬಗ್ಗಿದರು. ಶಿಲ್ಪಿ ನಮ್ಮಿಬ್ಬರನ್ನೂ ಮರೆತು ಪೆನ್ಸಿಲು ತೆಗೆದ.

ಈಗ ಆ ಮೂರ್ತಿ ನಮ್ಮ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿದೆ. ಪರದೆ ಸರಿಸಿದವರು ಸ್ವತಃ ‘ದಿವಂಗತರೇ’. ಮರುದಿನವೇ ಬಸ್ಸಿಳಿದ ಮುದುಕಿಯೊಬ್ಬಳು “ಏನು ಬಿದ್ದುಹೋಯ್ತಮ್ಮಾ?” ಎಂದು ತಾನೂ ಬಗ್ಗಿ ಹುಡುಕತೊಡಗಿದಳು. ಫೋನಿನಲ್ಲಿ ಈ ಸುದ್ದಿ ಹೇಳಿದಾಗ ವಿಶಾಲಾಕ್ಷಮ್ಮ ಕೆಮ್ಮು ಬರುವಷ್ಟು ನಕ್ಕರು. “ಅಂತೂ ಒಬ್ಬರು ಬಗ್ಗಿ ನೋಡಿದ್ರಲ್ಲ, ಸಾಕು.”

ಹೋದ ವಾರ ಮೂರ್ತಿಯ ಪಕ್ಕ ಕಳೆ ಕೀಳಲು ಬಗ್ಗಿದ ನನಗೆ ಸೊಂಟ ಹಿಡಿದುಕೊಂಡಿತು. ಏಳಲಾಗದೆ ಹಾಗೇ ಇದ್ದೆ. ನಿಂತಿದ್ದ ಬಸ್ಸಿನಿಂದ ಯಾರೋ, “ಎರಡು ಮೂರ್ತಿ ಉಂಟಲ್ಲ, ಯಾರದ್ದು?” ಎಂದು ಕೇಳಿದರು.

“ಆಚೆಯದ್ದು ವಿಶಾಲಾಕ್ಷಮ್ಮ. ಬೋರರ್ ವಿಜ್ಞಾನಿ, ಗೊತ್ತಿಲ್ವಾ ಮಾರಾಯ?” ಎಂದ ಕಂಡಕ್ಟರ್. “ಈಚೆಯದ್ದು ಯಾರೋ ಏನೋ, ಹೆಸರೇ ಬರೆಸಿಲ್ಲ.”

ಸಮಿತಿಯ ಉದ್ದೇಶ ಈಡೇರಿತೆಂದು ನಾನು ಸಂತೋಷಪಡಬೇಕಿತ್ತು. ಬದಲಿಗೆ ಬಗ್ಗಿದಲ್ಲಿಂದಲೇ “ಕಾರ್ಯದರ್ಶಿ ಕಣ್ರೀ!” ಎಂದು ಕೂಗಿದೆ. ಅಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು.