ವಿಮಾನ ಹತ್ತಿದ ಗಾಲಿ ಮಣೆ

ಗೋವಾದಿಂದ ವಿಮಾನ ಹತ್ತುವವರ ಚೀಲದಲ್ಲಿ ಗೋಡಂಬಿ ಇರುತ್ತದೆ. ಇನ್ನೊಂದು ಪದಾರ್ಥವೂ ಇರುತ್ತದೆ, ಅದು ಏನೆಂದು ನಾನು ಹೇಳಬೇಕಾಗಿಲ್ಲ. ಆದರೆ ಇಳಕಲ್ ಸೀರೆ ಉಟ್ಟ ಅರವತ್ತೆಂಟರ ಹೆಂಗಸೊಬ್ಬಳು ಎದೆಗೆ ಸ್ಕೇಟ್‌ಬೋರ್ಡ್ ಅವುಚಿಕೊಂಡು ದಾಬೋಳಿ ವಿಮಾನ ನಿಲ್ದಾಣಕ್ಕೆ ಬಂದದ್ದನ್ನು ನೀವು ಎಂದಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆಕೆಯ ಜೊತೆಗೆ ಹೊರಟವನೇ ನಾನು!

ಆಕೆ ನಮ್ಮ ಅತ್ತೆ. ಅಪ್ಪನ ತಂಗಿ. ಹೆಂಡತಿಯ ತಾಯಿ ಎಂದು ಯಾರೂ ತಪ್ಪು ತಿಳಿಯಬಾರದು, ಅವರ ಬಗ್ಗೆ ಬರೆಯುವಷ್ಟು ಧೈರ್ಯ ನನಗೆಲ್ಲಿದೆ? ಅತ್ತೆ ಧಾರವಾಡ ಬಿಟ್ಟು ಗೋವಾದ ಮಂಗೋರ್ ಹಿಲ್ಲಿನ ನಮ್ಮ ಮನೆಗೆ ಬಂದು ಹದಿನೈದು ವರ್ಷವಾಯಿತು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಒಲೆ ನೆಲದ ಮೇಲೇ ಇದೆ. ನಿಂತು ಮಾಡಿದ ರೊಟ್ಟಿ ರೊಟ್ಟಿಯೇ ಅಲ್ಲ ಎಂಬುದು ಆಕೆಯ ವಾದ. ಕೂತು ಬಡಿಯಬೇಕು, ಮಣೆಯ ಮೇಲೇ ಕೂಡಬೇಕು. ಆದರೆ ಮೊಣಕಾಲುಗಳು ಈ ವಾದವನ್ನು ಒಪ್ಪಲಿಲ್ಲ. ಹಿಟ್ಟಿನ ಡಬ್ಬಿಗೆಂದು ಒಮ್ಮೆ ಏಳಬೇಕು, ನೀರಿಗೆಂದು ಒಮ್ಮೆ ಏಳಬೇಕು, ಎದ್ದಾಗಲೆಲ್ಲ ಮನೆಯವರೆಲ್ಲ ಕೇಳುವಂತೆ "ಅಯ್ಯೋ ಶಿವನೇ".

ಹೀಗಿರುವಾಗ ಮೇಲಿನ ಮನೆಯವರು ಮನೆ ಖಾಲಿ ಮಾಡಿ ಹೋದರು. ಬೇಡವಾದ ಸಾಮಾನಿನ ಜೊತೆ ಒಂದು ಸ್ಕೇಟ್‌ಬೋರ್ಡನ್ನೂ ಮೆಟ್ಟಿಲ ಕೆಳಗೆ ಬಿಟ್ಟಿದ್ದರು. ಅತ್ತೆ ಅದನ್ನು ತಿರುವಿ ಮುರುವಿ ನೋಡಿದಳು.

"ಯಾರೋ ಶ್ಯಾಣ್ಯಾ ಮಣಿಗೆ ಗಾಲಿ ಹಚ್ಚ್ಯಾನ ನೋಡು!"

"ಅತ್ತಿ, ಅದು ಮಣಿ ಅಲ್ಲ. ಹುಡುಗೂರು ಮ್ಯಾಲ ನಿಂತು ಆಡ್ತಾರ."

"ಮಣಿ ಮ್ಯಾಲ ಯಾರರ ನಿಲ್ತಾರೇನೋ? ಬುದ್ಧಿ ಐತೋ ಇಲ್ಲೋ ನಿನಗ?"

ಮರುದಿನದಿಂದ ಅತ್ತೆ ಬೆಳಿಗ್ಗೆ ಒಮ್ಮೆ ಅದರ ಮೇಲೆ ಕೂತರೆ ಮುಗಿಯಿತು. ಒಲೆಯಿಂದ ಡಬ್ಬಿಗೆ, ಡಬ್ಬಿಯಿಂದ ಕೊಡಕ್ಕೆ, ಕೊಡದಿಂದ ಮತ್ತೆ ಒಲೆಗೆ, ಕಾಲಲ್ಲಿ ನೆಲ ಒದ್ದು ಸರ್ರನೆ ಸಾಗುವಳು. ಅಡುಗೆಯೆಲ್ಲ ಮುಗಿದ ಮೇಲೆ ಒಂದೇ ಸಲ ಏಳುವಳು, ಒಂದೇ ಸಲ "ಅಯ್ಯೋ ಶಿವನೇ". ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ನನ್ನ ಸ್ಕೂಟರಿಗೆ ಎರಡು ಲಿಂಬೆಹಣ್ಣು ಸಿಕ್ಕವು. ಮಣೆಗೆ ಗಾಲಿಗೊಂದರಂತೆ ನಾಲ್ಕು!

ಈಗ ಹೈದರಾಬಾದಿನ ಸಂಗತಿ. ಅಲ್ಲಿರುವವಳು ದೊಡ್ಡತ್ತೆ, ಅಂದರೆ ನಮ್ಮ ಅತ್ತೆಯ ಅಕ್ಕ. ಕಾಯಿಲೆ ಬಿದ್ದು ಎದ್ದವಳಿಗೆ ಕಾಲಿನ ಬಲ ಮಾತ್ರ ತಿರುಗಿ ಬರಲಿಲ್ಲ. ಮಗ ಗಾಲಿ ಕುರ್ಚಿ ತಂದ. ಅದು ಪಡಸಾಲೆಯಲ್ಲಿ ಓಡಾಡಿತು, ಆದರೆ ಅಡುಗೆಮನೆಯ ಬಾಗಿಲು ಸಣ್ಣದು, ಒಳಗೆ ಹಿಡಿಸಲಿಲ್ಲ. ಆರು ತಿಂಗಳಿನಿಂದ ದೊಡ್ಡತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎರಡು ತುತ್ತು ಉಣ್ಣಿಸುವಷ್ಟರಲ್ಲಿ ಸೊಸೆ ಸೋತುಹೋಗುತ್ತಿದ್ದಳು. ಫೋನು ಮಾಡಿದರೆ ದೊಡ್ಡತ್ತೆಯದು ಒಂದೇ ಮಾತು, "ಇನ್ನ ಸಾಕವ್ವ."

ಆ ಮಾತು ಕೇಳಿದ ದಿನ ಅತ್ತೆ ನನ್ನನ್ನು ಕರೆದಳು.

"ತಮ್ಮಾ, ವಿಮಾನದ ಟಿಕೀಟು ತಗಿ. ರೈಲಿನ ಮೆಟ್ಟಲಾ ನನ್ನ ಕೈಲೆ ಹತ್ತೂದಾಗೂದಿಲ್ಲ. ಅಕ್ಕಗ ಬಿಸಿ ರೊಟ್ಟಿ ತಿನ್ನಸಬೇಕು. ಮಣೀನೂ ಒಯ್ಯಬೇಕು."

"ಅಲ್ಲಿ ಮಣಿ ಇರೂದಿಲ್ಲೇನು?"

"ಗಾಲಿ ಇರ್ತಾವೇನು?"

ನಾನು ತಿಂಗಳ ಕೊನೆಯ ಕೆಲಸದಲ್ಲಿ ಮುಳುಗಿದ್ದೆ. ಸಾಹೇಬರ ಎದುರು ಹಲ್ಲು ಗಿಂಜಿ ಮೂರು ದಿನದ ರಜೆ ಪಡೆದೆ. ಕಾರಣ ಕೇಳಿದರೆ ಏನೆಂದು ಹೇಳಲಿ? ಮಣೆ ಸಾಗಿಸಬೇಕು ಎನ್ನಲೇ?

ಹೊರಡುವ ದಿನ ಅತ್ತೆ ಸುಮ್ಮನೆ ಬರಲಿಲ್ಲ. ಮಣೆಯ ಮೇಲೆ ನಲವತ್ತು ಖಡಕ್ ರೊಟ್ಟಿ ಪೇರಿಸಿ, ಧೋತರದಲ್ಲಿ ಬಿಗಿಯಾಗಿ ಕಟ್ಟಿದ್ದಳು. ಕೆಳಗೆ ಹಲಗೆ ಇದ್ದರೆ ರೊಟ್ಟಿ ಮುರಿಯುವುದಿಲ್ಲವಂತೆ! ಬಟ್ಟೆಬರೆಯ ಚೀಲವನ್ನು ಕೌಂಟರಿನಲ್ಲಿ ಕೊಟ್ಟಳು, ಈ ಗಂಟನ್ನು ಮಾತ್ರ ಮಗುವಿನಂತೆ ಎತ್ತಿಕೊಂಡು ಒಳಗೆ ನಡೆದಳು. ತಪಾಸಣೆಯ ಯಂತ್ರದೊಳಗೆ ಗಂಟು ಹೋಯಿತು, ಪಟ್ಟಿ ನಿಂತಿತು. ಪರದೆಯ ಮೇಲೆ ದುಂಡಗಿನ ತಟ್ಟೆಗಳ ರಾಶಿ, ಅದರ ಕೆಳಗೆ ನಾಲ್ಕು ಗಾಲಿ. ಅಂಥದ್ದನ್ನು ಪರದೆಯ ಮುಂದೆ ಕೂತ ಭದ್ರತಾ ಜವಾನ ಯಾವ ತರಬೇತಿಯಲ್ಲಿ ನೋಡಿರಬೇಕು?

"ಮಾತಾಜಿ, ಯೇ ಕ್ಯಾ ಹೈ?"

"ರೋಟಿ ಹೈ. ನೀಚೆ ಮಣಿ ಹೈ," ಎಂದಳು ಅತ್ತೆ.

ಗಂಟು ಬಿಚ್ಚಿದರು. ರೊಟ್ಟಿಗೆ ಅಡ್ಡಿಯಿಲ್ಲ, ಹಲಗೆ ಕೈಯಲ್ಲಿ ಒಯ್ಯುವಂತಿಲ್ಲ, ಲಗೇಜಿಗೆ ಹಾಕಿ ಬನ್ನಿ ಎಂದರು. ಬೆಲ್ಟು ಬಿಚ್ಚಿ, ಕಿಸೆ ಖಾಲಿ ಮಾಡಿ ನಿಂತಿದ್ದ ನಾನು ಎಲ್ಲವನ್ನೂ ತಿರುಗಿ ಹಾಕಿಕೊಂಡು, ಅತ್ತೆಯ ಮೊಣಕಾಲಿನ ವೇಗದಲ್ಲಿ, ಆಕೆಯೊಂದಿಗೆ ಜಗಳವಾಡುತ್ತ ಮತ್ತೆ ಕೌಂಟರಿಗೆ ಬಂದೆ. ಅಲ್ಲಿದ್ದ ಹುಡುಗಿ ನಮ್ಮ ಜಗಳ ಕೇಳಿ ಕನ್ನಡದಲ್ಲೇ ನಕ್ಕಳು. ಇಲ್ಲೇ ಪಕ್ಕದ ಝುವಾರಿನಗರದವಳಂತೆ, ಮೂಲ ಊರು ವಿಜಯಪುರ. ಸರಿ, ನನ್ನನ್ನು ಬಿಟ್ಟು ಅವರಿಬ್ಬರೇ ಮಾತಿಗಿಳಿದರು.

"ಒಗದಾಡಬ್ಯಾಡ್ರಿ ಅಂತ ಹೇಳವ್ವ. ಮ್ಯಾಲ ಕುಂಕುಮ ಐತಿ."

"ಹೇಳ್ತೇನ್ರಿ ಅಜ್ಜಿ. ನಮ್ಮವ್ವಗೂ ಇಂಥಾದೊಂದು ಬೇಕಾಗಿತ್ರಿ. ಎಲ್ಲಿ ಸಿಗತೈತ್ರಿ?"

ವಿಮಾನ ಹಾರಿತು. ಮಣೆ ವಿಮಾನದ ಹೊಟ್ಟೆಯಲ್ಲಿ, ರೊಟ್ಟಿ ನನ್ನ ತೊಡೆಯ ಮೇಲೆ. ಮೇಲಿನ ಕಪಾಟಿನಲ್ಲಿಟ್ಟರೆ ಮುರಿಯುತ್ತವೆ ಎಂದು ಅತ್ತೆಯ ಅಪ್ಪಣೆ. ಹೈದರಾಬಾದಿನವರೆಗೆ ನಾನು ಕೆಮ್ಮಲೂ ಇಲ್ಲ!

ಅಲ್ಲಿ ಎಲ್ಲರ ಸಾಮಾನು ಬಂತು, ಮಣೆ ಬರಲಿಲ್ಲ. ಜನ ಕರಗಿದರು. ಅಷ್ಟು ಹೊತ್ತು ನನ್ನನ್ನು ಕುಣಿಸಿದ ಅತ್ತೆ ಒಮ್ಮೆಲೇ ಸಣ್ಣವಳಾಗಿ ಕಂಡಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ತಮ್ಮಾ, ಅದು ಬರಲಿಲ್ಲಂದ್ರ ನಾ ಬಂದು ಉಪಯೋಗಿಲ್ಲೋ," ಎಂದಳು. ಒಂದು ಹಲಗೆಗೆ ಇಷ್ಟೇಕೆ ಎಂದು ಗದರಬೇಕೆನ್ನುವಷ್ಟರಲ್ಲಿ ಮಣೆ ಬೆಲ್ಟಿನ ಮೇಲೆ ಅಂಗಾತ ಮಲಗಿ ಬಂತು. ಅತ್ತೆ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು.

ದೊಡ್ಡತ್ತೆಯ ಮನೆ ಮುಟ್ಟಿದವಳು ನೀರನ್ನೂ ಕುಡಿಯಲಿಲ್ಲ. ಮಂಚದ ಪಕ್ಕದಲ್ಲಿ ಮಣೆ ಇಟ್ಟಳು.

"ಅಕ್ಕಾ, ಇಳಿ."

"ಎಲ್ಲಿಗೆ?"

"ಅಡಗಿಮನಿಗೆ. ನಾ ಹಸದೇನಿ. ರೊಟ್ಟಿ ಬಡಿ."

ನಾನೂ ಆಕೆಯ ಮಗನೂ ಸೇರಿ ದೊಡ್ಡತ್ತೆಯನ್ನು ಎತ್ತಿ ಮಣೆಯ ಮೇಲೆ ಕೂರಿಸಿದೆವು. ನಾನು ಹಿಂದಿನಿಂದ ಬೆನ್ನು ಹಿಡಿದೆ, ಅತ್ತೆ ಮುಂದೆ ಎರಡೂ ಕೈ ಹಿಡಿದು ಎಳೆದಳು. ಮಣೆ ಪಡಸಾಲೆ ದಾಟಿತು, ಆ ಸಣ್ಣ ಬಾಗಿಲೂ ದಾಟಿತು. ಒಳಗೆ ಹೋದ ದೊಡ್ಡತ್ತೆ ಸುತ್ತಲೂ ಕಣ್ಣಾಡಿಸಿ, ಆರು ತಿಂಗಳಲ್ಲಿ ಮೊದಲ ಸಲ ಸೊಸೆಯನ್ನು ಬೈದಳು.

"ಹಿಟ್ಟಿನ ಡಬ್ಬಿ ಇಲ್ಲ್ಯಾಕ ಇಟ್ಟಿ?"

ಸೊಸೆ ಕಣ್ಣೊರೆಸಿಕೊಂಡು ಒಲೆಯನ್ನು ಕಟ್ಟೆಯಿಂದ ನೆಲಕ್ಕೆ ಇಳಿಸಿದಳು.

ಮೂರನೆಯ ದಿನ ಹೊರಟಾಗ ಮಣೆ ನಮ್ಮ ಜೊತೆ ಬರಲಿಲ್ಲ. ತಪಾಸಣೆಯಲ್ಲಿ ಯಾರೂ ನಮ್ಮನ್ನು ತಡೆಯಲಿಲ್ಲ. ಅತ್ತೆ ದಾರಿಯುದ್ದಕ್ಕೂ ಮೊಣಕಾಲು ಹಿಡಿದು ಹಿಡಿದು ನಡೆದಳು, ಮಣೆಯ ಮಾತು ಮಾತ್ರ ಎತ್ತಲಿಲ್ಲ. ಅವಸರದಲ್ಲಿದ್ದ ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮಂಗೋರ್ ಹಿಲ್ಲಿನಲ್ಲಿ ಆಫೀಸಿಗೆ ಹೊರಟವನಿಗೆ "ಅಯ್ಯೋ ಶಿವನೇ" ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿಸಿತು. ಇಣುಕಿ ನೋಡಿದೆ. ಅತ್ತೆ ಹಳೆಯ ಕಟ್ಟಿಗೆ ಮಣೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಫೋನು, ಅದರಲ್ಲಿ ಪಟಪಟ ರೊಟ್ಟಿ ಬಡಿಯುವ ಸದ್ದು.

"ಕೇಳತೈತೇನ? ಐದನೇದು ಇದು," ಎಂದಳು ಆ ಕಡೆಯಿಂದ ದೊಡ್ಡತ್ತೆ.

"ಕೇಳಾಕತ್ತೈತಿ ಅಕ್ಕಾ, ಬಡಿ," ಎಂದು ನಮ್ಮ ಅತ್ತೆ ನಕ್ಕಳು. ನಗುತ್ತಲೇ ದೂರದ ನೀರಿನ ಕೊಡದ ಕಡೆ ನೋಡಿ, ಏಳಲೆಂದು ನೆಲಕ್ಕೆ ಕೈ ಊರಿದಳು.

ಇಷ್ಟು ದಿನ ಆಕೆಯನ್ನು ಹಟಮಾರಿ ಎಂದು ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು. ಚೀಲ ಕೆಳಗಿಟ್ಟು ಪ್ಯಾಂಟು ಮಡಚಿಕೊಂಡು ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಆಫೀಸಿಗೆ ತಡಾ ಆಗತೈತಲ್ಲೋ ನಿನಗ?"

"ಆಗಲಿ ಬಿಡು ಅತ್ತಿ," ಎಂದು ನೀರಿನ ಕೊಡವನ್ನು ಆಕೆಯ ಕೈಗೆ ಸಿಗುವಂತೆ ಸರಿಸಿದೆ.