ಪತ್ರಿಕೆಯ ಪ್ರಕಾರ ನಮ್ಮೂರಲ್ಲಿ ನೀರಿದೆ

ಪತ್ರಿಕೆಯನ್ನು ನಂಬುವುದಾದರೆ ನಮ್ಮ ಮೋರಖಂಡಿಯಲ್ಲಿ ಕುಡಿಯುವ ನೀರಿಗೇನೂ ಬರವಿಲ್ಲ. ಕೈಪಂಪನ್ನು ನಾವು ಬೋರಿಂಗ್ ಎನ್ನುತ್ತೇವೆ; ಅದರ ಉದ್ಘಾಟನೆಯ ಫೋಟೋ ಅಷ್ಟು ದೊಡ್ಡದಾಗಿ ಬಂದಿತ್ತಲ್ಲ! ಮಂತ್ರಿಗಳ ಕೊರಳಲ್ಲೊಂದು ಹಾರ, ಬೋರಿಂಗಿನ ಕೊರಳಲ್ಲೊಂದು ಹಾರ. ಯಾರು ಯಾರನ್ನು ಉದ್ಘಾಟಿಸುತ್ತಿದ್ದಾರೋ ತಿಳಿಯದು. ಆ ಹಾರದ ಹೂ ಉದುರುವ ಮೊದಲೇ ಬೋರಿಂಗಿನ ಒಳಗಿನ ಸರಳು ಮುರಿಯಿತು. ನೀರು ಬಂದದ್ದು ಸುದ್ದಿ, ಹೋದದ್ದು ಸುದ್ದಿಯಲ್ಲವಂತೆ. ಇದ್ಯಾವ ನ್ಯಾಯ ಸ್ವಾಮಿ?

ನಾನಿರುವುದು ಸೋದರತ್ತೆ ಚಂದ್ರಮ್ಮನ ಮನೆಯಲ್ಲಿ. ಅತ್ತೆ ಈಗ ದೂರದ ಹೊಲದ ಬಾವಿಯಿಂದ ನೀರು ಹೊತ್ತು ತರಬೇಕು. ಅಷ್ಟರಲ್ಲಿ ಹೊತ್ತೇರಿರುತ್ತದೆ, ಕೂಲಿಗೆ ಹೋದರೆ "ಈಗ ಬಂದ್ರ ಕೆಲಸ ಇಲ್ಲ, ನಡಿ" ಎಂದು ತಿರುಗಿ ಕಳಿಸುತ್ತಾರೆ. ಹಾಗೆ ಬರಿಗೈಲಿ ಬಂದ ಒಂದು ದಿನ ಅತ್ತೆ ನನ್ನನ್ನು ಹಿಡಿದಳು: "ದಿನಾ ಮಂದೀನ್ನ ಅಣಕಿಸಿಕೋತ ತಿರಗ್ತೀ. ಆ ಪೇಪರ್‌ನವಗ ಜರಾ ಹೇಳಿ ಬರಸಬಾರದೇನು?"

ಪೇಪರ್‌ನವರು ಅಂದರೆ ಕಲ್ಯಾಣ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಪತ್ರಿಕೆಗೆ ಸುದ್ದಿ ಕಳಿಸುವ ನಮ್ಮ ಬಾತ್ಮೀದಾರರು. ಸುದ್ದಿಯನ್ನೂ ಗಜದ ಕೋಲಿನಿಂದಲೇ ಅಳೆಯುತ್ತಾರೆಂದು ನನ್ನ ಗುಮಾನಿ. ಆ ವಾರ ಹುಮನಾಬಾದಿನ ಯಾವುದೋ ಅಧಿಕಾರಿಯ ಬೀಳ್ಕೊಡುಗೆಯನ್ನು, ಬಡಿಸಿದ ಜಿಲೇಬಿ ಸಮೇತ, ಮೂರು ಕಾಲಂ ಬರೆದಿದ್ದರು. ನನ್ನ ಅಹವಾಲು ಕೇಳಿ ಸೀರೆ ಮಡಚುತ್ತಲೇ ಅಂದರು:

"ಬೋರಿಂಗ್ ಎಲ್ಲಿ ಕೆಟ್ಟಿಲ್ಲೋ ತಮ್ಮಾ? ಊರೂರಿಗೆ ಇರೋದು ಖಬರ್ ಹ್ಯಾಂಗ ಆಗ್ತದ? ರಿಪೇರಿಗೆ ಸಾಹೇಬ್ರು ಬಂದ್ರ ಹೇಳು, ಫೋಟೋ ಹೊಡೀತೀನಿ."

"ಪೇಪರ್‌ದಾಗ ಬರ್ಲಾರ್ದ ಸಾಹೇಬ್ರು ಬರಂಗಿಲ್ರಿ!"

"ಸಾಹೇಬ್ರು ಬರ್ಲಾರ್ದ ನಾ ಬರಿಯಂಗಿಲ್ಲಪಾ."

ನನಗೆ ಮೈಯೆಲ್ಲ ಉರಿಯಿತು. ಉರಿದಾಗ ಬೇರೆಯವರು ಬೈಯುತ್ತಾರೆ. ನನಗೆ ಬರುವುದು ಬೇರೆಯವರ ದನಿಯಷ್ಟೆ. ಮರುದಿನ ಕಲ್ಯಾಣದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇದೇ ಬಾತ್ಮೀದಾರರು ನೀರಿನ ಇಲಾಖೆಯ ಇಂಜಿನಿಯರ್ ಸಾಹೇಬರೊಂದಿಗೆ ಚಹಾ ಕುಡಿಯುತ್ತಿದ್ದರು. ನಾನು ಎದ್ದು ನಿಂತು, ಮೂಗು ಹಿಡಿದು, ರೇಡಿಯೋದ ವಾರ್ತಾ ವಾಚಕನಾದೆ: "ಮೋರಖಂಡಿಯ ಬೋರಿಂಗ್ ತನ್ನ ಮೌನವ್ರತವನ್ನು ಮುಂದುವರಿಸಿದೆ. ಮಂತ್ರಿಗಳು ಮುಟ್ಟಿದ ಮೇಲೆ ಬೇರೆ ಯಾರ ಕೈಗೂ ನೀರು ಕೊಡುವುದಿಲ್ಲವೆಂದು ಅದು ತಿಳಿಸಿದೆ. ಹವಾಮಾನ: ಚಂದ್ರಮ್ಮನ ಮನೆಯಲ್ಲಿ ಗುಡುಗು, ಕೊಡಗಳಲ್ಲಿ ಒಣಹವೆ."

ಹೋಟೆಲಿಗೆ ಹೋಟೆಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಇಂಜಿನಿಯರ್ ಸಾಹೇಬರು. "ಭಲೇ! ಈಗ ನಮ್ಮ ದೊಡ್ಡ ಸಾಹೇಬ್ರು ಕೆಮ್ಮೋದು ಮಾಡಪಾ!" ನನಗೆ ಹೇಳಬೇಕಾದದ್ದು ಇನ್ನೂ ಇತ್ತು. ಆದರೆ ಕಲಾವಿದನನ್ನು ಯಾರಾದರೂ ಕೇಳಿಕೊಂಡರೆ ಇಲ್ಲವೆನ್ನಲಾಗುತ್ತದೆಯೇ? ಕೆಮ್ಮಿದೆ. ಚೆನ್ನಾಗಿಯೇ ಕೆಮ್ಮಿದೆ.

ಹುಮನಾಬಾದಿನ ಬಸ್ಸಿನಲ್ಲಿ ಪತ್ರಿಕೆ ಬಂತು. 'ಯುವಕನ ಅಣಕು: ನಕ್ಕು ನಲಿದ ಕಲ್ಯಾಣ.' ನನ್ನ ಹೆಸರಿತ್ತು, ಸಾಹೇಬರ ಮೆಚ್ಚುಗೆಯಿತ್ತು, ಚಹಾ ಸಹ ಇತ್ತು. ಬೋರಿಂಗ್ ಇರಲಿಲ್ಲ! ಮನೆಗೆ ಹೋಗಿ ಸಿಟ್ಟಿನಿಂದ ಅತ್ತೆಗೆ ಓದಿ ಹೇಳಿದೆ.

"ನಮ್ಮ ನೀರಿಂದು ಎಲ್ಲದನೋ ಇದ್ರಾಗ?"

"ಅದೊಂದು ಬಿಟ್ಟಾರ, ಅತ್ತೀ."

"ಹಂಗಾರ ತುಂಬಾಕ ನೀನೂ ನಡಿ," ಎಂದು ಹೆಗಲಿಗೊಂದು ಕೊಡ ಏರಿಸಿದಳು.

ಬಾವಿಯಿಂದ ತಿರುಗಿ ಬರುವಾಗ ದಾರಿಯಲ್ಲಿ ಬಾತ್ಮೀದಾರರ ಸೈಕಲ್ಲು ಎದುರಾಯಿತು. ಕೊಹಿನೂರ ಎಂಬ ಊರಿನ ಯಾವುದೋ ಮದುವೆಗೆ ಹೊರಟಿದ್ದರು, ಕೊರಳಲ್ಲಿ ಕ್ಯಾಮೆರಾ. ನಾನು ಅಡ್ಡಗಟ್ಟಿದೆ. "ನೋಡ್ರಿ! ಹೆಣ್ಮಕ್ಕಳು ದಿನಾ ಇಷ್ಟು ದೂರ ಹೊರಾಕತ್ತಾರ. ಇದು ಖಬರ್ ಅಲ್ಲೇನ್ರಿ? ಹೊಡೀರಿ ಫೋಟೋ!"

ನನ್ನ ಆರ್ಭಟಕ್ಕೆ ಅಂಜಿದರೋ ಏನೋ, ಅವರು ನಿಜಕ್ಕೂ ಇಳಿದು ಕ್ಯಾಮೆರಾ ಎತ್ತಿದರು. ಅತ್ತೆ ಎರಡು ಕೊಡ ಹೊತ್ತುಕೊಂಡೇ ಮುಂದೆ ಬಂದು ನಿಂತಳು. ನಾನು ಒದ್ದೆ ಕೈಯಿಂದ ಕ್ರಾಪು ತೀಡಿಕೊಂಡು ಹೇಳಿದೆ:

"ಅತ್ತೀ, ಜರಾ ಬಾಜೂಕ ಸರಿ. ನನಗ ಅಡ್ಡ ಬರಾಕತ್ತಿ."